ಖಣಿ ನೀರಿನ ಲುಂಬಿನಿ ಟೀಚರ್
ಭಂಕೂರಿನ ಶಾಲೆಗೆ ಬಂದ ಲುಂಬಿನಿ ಟೀಚರ್ ಹೆಸರನ್ನು ಖಣಿ ದಂಡೆಯ ಮನೆಯ ಮುದುಕಿ ಭೀಮಬಾಯಿ ಮೊದಲು ಕೇಳಿದ್ದು, ನೆಲಕ್ಕೆ ಹಾಸುವ ಫರಸಿಕಲ್ಲು ತೆಗೆದುಬಿಟ್ಟ ಹಳೆಯ ಖಣಿಯಲ್ಲಿ ನಿಂತ ನೀರಿಗೆ ಚಹಾದ ಪ್ಲಾಸ್ಟಿಕ್ ಲೋಟ ಎಸೆದ ಹೆಡ್‌ಮಾಸ್ತರರನ್ನೇ ಟೀಚರ್ ಬೈದ ದಿನ. ವಾರಕ್ಕೊಮ್ಮೆ ಮಕ್ಕಳನ್ನು ದಂಡೆಗೆ ತಂದು, ನೆಲದ ಮೇಲೆ ಹಗ್ಗದ ಚೌಕ ಹಾಕಿ, ಅದರೊಳಗೆ ಜೀವ ಇರುವುದೆಷ್ಟು, ಇಲ್ಲದ್ದೆಷ್ಟು ಎಂದು ಎಣಿಸಲು ಹಚ್ಚಿ, "ಕಪ್ಪಿಗಿ ಜೀವ ಅದ, ಕಲ್ಲಿಗಿಲ್ಲ. ಆದ್ರ ಕಲ್ಲಿಲ್ಲಂದ್ರ ಕಪ್ಪಿ ಎಲ್ಲಿ ಅಡಗತದ? ಹೇಳ್ರೋ!" ಎಂದು ಗುಡುಗುವಳು. ಸೋಪಿನ ನೀರು ಚೆಲ್ಲಲು ಬಂದ ಭೀಮಬಾಯಿಯನ್ನೂ ಬಿಡಲಿಲ್ಲ: "ಆಯಿ, ನಿಮ್ಮ ಸಾರಿನ ಗಡಿಗ್ಯಾಗ ಹಿಂಗೇ ಚೆಲ್ತೀರೇನ್ರಿ?" ಆಕೆಯ ಸಿಟ್ಟಿಗೆ ಕೊಕ್ಕರೆಗಳೂ ಹೆದರುತ್ತವೆಂದು ಊರವರು ನಗುತ್ತಿದ್ದರು. ಖಣಿ ಮುಚ್ಚಲು ಕಲ್ಲುಪುಡಿಯ ಲಾರಿಗಳು ಬಂದಾಗ ಗಂಟಲು ಕಟ್ಟುವವರೆಗೂ ಬೈದಳು, ಲಾರಿಗಳು ನಿಲ್ಲಲಿಲ್ಲ. ಸಂಜೆ ಸೀರೆಯೆಲ್ಲ ಕೆಸರು ಮಾಡಿಕೊಂಡು, ಕಪ್ಪೆಮರಿಗಳು ತುಂಬಿದ ಬಕೆಟ್ ಹಿಡಿದು ಭೀಮಬಾಯಿಯ ಬಾಗಿಲಿಗೆ ಬಂದು, ಒಡೆದ ದನಿಯಲ್ಲಿ ಕೇಳಿದಳು: "ಆಯಿ, ನಿಮ್ಮ ಎಮ್ಮಿ ನೀರು ಕುಡಿಯೋ ತೊಟ್ಟ್ಯಾಗ ಇವಕ್ಕ ಜಾಗಾ ಕೊಡ್ತೀರೇನ್ರಿ?"