ವಾಲಿದರೆ ಕೂಗುವ ಪಟ್ಟಿ

ಹುಲ್ಲಹಳ್ಳಿಯ ರೇಡಿಯೊ ರಿಪೇರಿಯವರು ಏನನ್ನೇ ಮಾಡಲಿ, ಕೊಡುವ ಮುನ್ನ "ತಡೀರಿ, ಮೊದ್ಲು ನಾನ್ ನೋಡ್ತೀನಿ" ಎನ್ನುತ್ತಿದ್ದರು.

ನಮ್ಮಜ್ಜಿ ಎರಡು ಸಲ ಬಿದ್ದ ಮೇಲೆ ಅವಳ ಸೊಂಟಕ್ಕೆಂದು ಒಂದು ಪಟ್ಟಿ ಮಾಡಿದರು. ಅದರಲ್ಲೊಂದು ಕೊಳವೆ, ಕೊಳವೆಯೊಳಗೆ ಸೈಕಲ್ಲಿನ ಬೇರಿಂಗ್ ಗುಂಡು. ಮೈ ವಾಲಿದರೆ ಗುಂಡು ಉರುಳಿ ತಂತಿಗೆ ತಾಗಿ ಪಟ್ಟಿ ಕೀ ಎಂದು ಕೂಗುತ್ತಿತ್ತು. ಅದನ್ನು ತಾವೇ ಕಟ್ಟಿಕೊಂಡು, ವಾರವಿಡೀ ಗದ್ದೆಯ ಬದುವಿನ ಮೇಲೆ ಬೇಕೆಂದೇ ತೂರಾಡಿದರು. ಕುಡಿದಿದ್ದಾರೆಂದು ಊರೇ ನಕ್ಕಿತು.

ಅಜ್ಜಿ ಮಾತ್ರ ಎರಡೇ ದಿನಕ್ಕೆ ಬಿಚ್ಚಿಟ್ಟಳು. "ರಂಗೋಲಿಗೆ ಬಗ್ಗುದ್ರೆ ಸಾಕು, ಬಾಯ್ ಬಡ್ಕತದೆ ಕಣಪ್ಪ!"

ಮರುದಿನ ಬೆಳಿಗ್ಗೆ ಅವರು ಬಂದು, ರಂಗೋಲಿ ಮುಗಿಯುವವರೆಗೂ ಜಗಲಿಯ ಮೇಲೆ ಕುಳಿತು ಅಜ್ಜಿಯನ್ನೇ ನೋಡಿದರು.

"ನಾನ್ಯಾವತ್ತವ್ವ ರಂಗೋಲಿ ಬುಟ್ಟಿದ್ದೆ? ನೀವ್ ಬೀಳಾದು ಪಕ್ಕಕ್ಕೆ, ಮುಂದಕ್ಕಲ್ಲ" ಎಂದು ಕೊಳವೆಯನ್ನು ಅಡ್ಡಕ್ಕೆ ತಿರುಗಿಸಿದರು. ಆಮೇಲೆ ಅಜ್ಜಿ ಅದನ್ನು ಬಿಚ್ಚಲೇ ಇಲ್ಲ.

ಅಜ್ಜಿ ಹೋಗಿ ಎಷ್ಟೋ ವರ್ಷಗಳ ನಂತರ, ನಂಜನಗೂಡಿನಲ್ಲಿ ಬಸ್ಸಿಳಿಯುವಾಗ ಜೊತೆಗಿದ್ದ ರಿಪೇರಿಯವರ ಅಂಗಿಯೊಳಗಿಂದ ಕೀ ಎಂದಿತು. ಕಂಬಿ ಹಿಡಿದು ನೆಟ್ಟಗಾದರು.

"ಈಗ ಯಾರಿಗೆ ಮಾಡ್ಕೊಡ್ತಿದ್ದೀರಿ?" ಎಂದೆ.

ನಕ್ಕರು. "ಮೊದ್ಲು ನಾನ್ ನೋಡ್ತೀನಿ" ಎನ್ನಲಿಲ್ಲ. ಮೆಟ್ಟಿಲಿಳಿಯಲು ನನ್ನ ಕೈ ಹಿಡಿದುಕೊಂಡರು.