ಕಾಲುಚೀಲ ಒಣಗದ ದಿನ

ಚಿಕ್ಕಪ್ಪನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅಜ್ಜಿ, "ಮಳೆ ನೋಡೋದು" ಎನ್ನುತ್ತಾಳೆ. ಸುಳ್ಳೇನಲ್ಲ. ಕಂಪ್ಯೂಟರ್ ಅಂಗಡಿಗೆ ಬರುವ ದುಬಾರಿ ಗ್ರಾಫಿಕ್ಸ್ ಕಾರ್ಡುಗಳನ್ನು ಅವನು ಮನೆಯ ಹಿಂದಿನ ಕೋಣೆಯಲ್ಲಿ ಪರೀಕ್ಷೆ ಮಾಡುತ್ತಾನೆ. ಇರುವುದರಲ್ಲೇ ಭಾರೀ ಆಟವೊಂದನ್ನು ಹಾಕಿ, ಅದರ ವೀರಯೋಧನನ್ನು ದಟ್ಟ ಕಾಡಿನ ಜಡಿಮಳೆಯಲ್ಲಿ ತಂದು ನಿಲ್ಲಿಸುತ್ತಾನೆ. ಒಂದೊಂದು ಎಲೆಯ ಮೇಲೂ ಹನಿ, ಒಂದೊಂದು ಹನಿಯಲ್ಲೂ ಬೆಳಕು. ಅಷ್ಟನ್ನೂ ಬಿಡಿಸುವಷ್ಟರಲ್ಲಿ ಕಾರ್ಡಿಗೆ ಏದುಸಿರು. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಎನ್ನುವ ಅಂಕಿ ಪರದೆಯ ಮೂಲೆಯಲ್ಲಿರುತ್ತದೆ. ಅದು ಕುಸಿಯದಿದ್ದರೆ ಕಾರ್ಡು ಗಟ್ಟಿ. ಚಿಕ್ಕಪ್ಪನ ಕಣ್ಣು ಅಲ್ಲೇ. ಶತ್ರು ಬಂದು ಯೋಧನ ತಲೆ ಹಾರಿಸಿದರೂ ತಿರುಗಿ ನೋಡುವವನಲ್ಲ. ಇದುವರೆಗೆ ಒಂದು ಆಟವನ್ನೂ ಗೆದ್ದಿಲ್ಲ.

ಕಾರ್ಡು ದುಡಿಯುವಾಗ ಕಂಪ್ಯೂಟರಿನ ಹಿಂಬದಿಯಿಂದ ಬಿಸಿಗಾಳಿ ಬೀಸುತ್ತದೆ. ಅಜ್ಜಿ ಅಲ್ಲೊಂದು ದಾರ ಕಟ್ಟಿ ತಾತನ ಕಾಲುಚೀಲ ಒಣಹಾಕುತ್ತಾಳೆ.

ಒಂದು ದಿನ ಅಂಗಡಿಯ ಯಜಮಾನರು ಇಟ್ಟಿಗೆಯಂಥ ಕಾರ್ಡೊಂದನ್ನು ಕಳಿಸಿದರು. ಅದನ್ನು ಹೊತ್ತುಕೊಂಡು ಅವರ ಅಳಿಯ ಬಂದ. ಹಿಂದಿನ ಸಲ ಚಿಕ್ಕಪ್ಪ ಒಳ್ಳೆಯ ಕಾರ್ಡನ್ನೇ ಕೆಟ್ಟಿದೆ ಎಂದುಬಿಟ್ಟಿದ್ದ. ಇನ್ನೊಮ್ಮೆ ತಪ್ಪಿದರೆ ಕೆಲಸ ಅಳಿಯನಿಗೆ.

"ನೀವು ಮಾಡಿ ಸಾರ್, ನಾನು ಸುಮ್ನೆ ನೋಡ್ತೀನಿ" ಎಂದ ಅಳಿಯ, ಚಿಕ್ಕಪ್ಪನ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ ನೋಡಿದ. ಮದುವೆಯಾಗುವ ಹುಡುಗಿಯನ್ನೂ ಯಾರೂ ಹಾಗೆ ನೋಡುವುದಿಲ್ಲ.

ಚಿಕ್ಕಪ್ಪ ಕುರ್ಚಿಯ ಮೇಲೊಂದು ಕಣ್ಣಿಟ್ಟೇ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿದ. ಹೇಗೋ ವೈರು ಸಿಕ್ಕಿಸಿ ಆಟ ಹಾಕಿದ. ಮಳೆ ಹನಿಹನಿಯಾಗಿ ಸುರಿಯಲಿಲ್ಲ, ಕಂತಿನಲ್ಲಿ ಬಿತ್ತು. ಯೋಧ ಕುಂಟಿದ.

"ಆನೆ ಗಾತ್ರ, ಸೊಳ್ಳೆ ಜೀವ" ಎಂದ ಚಿಕ್ಕಪ್ಪ. "ಇದು ಕೆಟ್ಟಿದೆ."

"ಮಾವಂಗೆ ಹೇಳಿಬಿಡ್ಲಾ?" ಅಳಿಯನ ಫೋನು ಆಗಲೇ ಕಿವಿಯಲ್ಲಿತ್ತು.

ಅಷ್ಟರಲ್ಲಿ ಅಜ್ಜಿ ಒಳಗೆ ಬಂದು ದಾರದ ಮೇಲಿನ ಕಾಲುಚೀಲಕ್ಕೆ ಕೈ ಹಾಕಿದಳು. "ಏನೋ ಇದು, ಹಿಂಡಿದ್ರೆ ಇನ್ನೂ ನೀರು ಬರುತ್ತೆ! ನಿನ್ನ ಕಾರ್ಡು ಕೆಟ್ಟಿದ್ಯೋ, ಇಲ್ಲ ನಿದ್ದೆ ಹೊಡೀತಿದ್ಯೋ?"

ಚಿಕ್ಕಪ್ಪ ಗಾಳಿ ಬರುವಲ್ಲಿ ಕೈ ಇಟ್ಟ. ತಣ್ಣಗಿತ್ತು. ಬಗ್ಗಿ ನೋಡಿದ. ಪರದೆಯ ವೈರನ್ನು ಕಾರ್ಡಿಗೆ ಸಿಕ್ಕಿಸುವ ಬದಲು ಕಂಪ್ಯೂಟರಿನ ಹಳೆಯ ತೂತಿಗೆ ಸಿಕ್ಕಿಸಿದ್ದ. ಇಷ್ಟು ಹೊತ್ತೂ ಮಳೆ ಬಿಡಿಸಿದ್ದು ಬರೀ ಕಂಪ್ಯೂಟರು; ಕಾರ್ಡಿಗೆ ಯಾರೂ ಕೆಲಸವನ್ನೇ ಕೊಟ್ಟಿರಲಿಲ್ಲ.

"ನಿಮ್ಮ ಮಾವಂಗೆ ಹೇಳು, ಪರೀಕ್ಷೆ ಇನ್ನೂ ಮುಗಿದಿಲ್ಲ."

"ಯಾಕಂತೆ ಅಂತ ಕೇಳ್ತಿದಾರೆ."

"ಕಾಲ್ಚೀಲ ಒಣಗಿಲ್ಲ ಅನ್ನು."

ವೈರು ಬದಲಿಸಿದ್ದೇ ತಡ, ಫ್ಯಾನುಗಳು ಹೋ ಎಂದು ಎದ್ದವು. ಕಾಡು ಹಸಿರಾಗಿ ಉಸಿರಾಡಿತು, ಮಳೆ ಧೋ ಎಂದು ಇಳಿಯಿತು. ಅಳಿಯ ಫೋನನ್ನೇ ಮರೆತ.

"ಸಾರ್, ಹಿಂದೆ! ಕತ್ತಿ ಎತ್ತಿದಾನೆ ಸಾರ್!"

"ಎತ್ಲಿ ಬಿಡು. ನೀನು ಅಂಕಿ ನೋಡು."

ಯೋಧನ ತಲೆ ಹಾರಿತು. ಅಂಕಿ ಕದಲಲಿಲ್ಲ.

"ಪಾಸ್" ಎಂದು ಚಿಕ್ಕಪ್ಪ ಕುರ್ಚಿಗೆ ಒರಗಿದ.

"ಇರೋ, ಈಗಲೇ ಆರಿಸ್ಬೇಡ" ಎನ್ನುತ್ತ ಅಜ್ಜಿ ಕಾಲುಚೀಲವನ್ನು ಮಗ್ಗುಲು ಬದಲಿಸಿ ಹಾಕಿದಳು.