ಐದನೆಯ ಸಾಲಿನ ಟೀಚರ್

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಮೆಲ್ಬರ್ನಿನ ಪಶ್ಚಿಮ ತುದಿಯ ವಿಂಡಮ್ ವೇಲ್‌ನ ನಮ್ಮ ಮನೆಯ ಅಡುಗೆಮನೆಯಲ್ಲಿ ನಾನು ಮತ್ತು ನನ್ನ ಮಗಳು ಇಬ್ಬರೇ ಇದ್ದೆವು. ಮೊಮ್ಮಗಳು ತನ್ನ ಕೋಣೆಯಲ್ಲಿದ್ದಳು, ಅಳಿಯ ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಮಗಳು ಚಟ್ನಿಪುಡಿಗೆಂದು ಕಡಲೆಬೀಜ ಹುರಿಯಲು ಇಟ್ಟು, ಫೋನ್ ಬಂತೆಂದು ಆ ಕಡೆ ತಿರುಗಿದಳು. ಬೀಜ ಸ್ವಲ್ಪ ಸೀದವು. ನಾನು ಒಲೆ ಆರಿಸಿದೆ. ಆದರೆ ವಾಸನೆ ಆಗಲೇ ಮನೆ ತುಂಬಿತ್ತು, ಅದರ ಜೊತೆಗೆ ಮೊಮ್ಮಗಳ ಆ ಹಳೆಯ ಟೀಚರ್ ಕೂಡ ಬಂದು ನಿಂತ ಹಾಗಾಯಿತು...

ಆಕೆಗೆ ಹೀಗೆ ಒಂದಿಷ್ಟು ಸೀದರೇ ರುಚಿ. ಗದಗದ ಕಡೆಯವರು. ನಾವು ಕಡಲೆಬೀಜ ಎನ್ನುವುದನ್ನು ಶೇಂಗಾ ಎನ್ನುತ್ತಿದ್ದರು. ಶಾಲೆಗೆ ಮಾತ್ರ ಅದನ್ನು ತರುವಂತಿರಲಿಲ್ಲ. ಇಲ್ಲಿಯ ಮಕ್ಕಳಲ್ಲಿ ಕೆಲವರಿಗೆ ಅದರ ಪುಡಿ ತಾಗಿದರೂ ಮೈ ಊದಿಕೊಂಡು ಉಸಿರು ಕಟ್ಟುತ್ತದೆ. "ನಮ್ಮೂರಾಗ ಶೇಂಗಾ ಅಂದ್ರ ಊಟ, ಇಲ್ಲಿ ಸಾಲ್ಯಾಗ ಶೇಂಗಾ ಅಂದ್ರ ಬಾಂಬ್ ಇದ್ದಂಗ್ರಿ ಅಮ್ಮಾರ" ಎಂದು ನಗುತ್ತಿದ್ದರು. ವಾರದ ಐದು ದಿನವೂ ಅವರ ಡಬ್ಬಿಯಲ್ಲಿ ಅಗಸಿ ಚಟ್ನಿ. ಶೇಂಗಾ ಶನಿವಾರಕ್ಕೆ.

ನಾನು ಮೂವತ್ತೊಂದು ವರ್ಷ ಚಿತ್ರದುರ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಎಷ್ಟೇ ಸುಸ್ತಾಗಿದ್ದರೂ, ಮುಂದಿನ ಪಾಳಿಯ ಸಿಸ್ಟರಿಗೆ ಒಂದೊಂದು ಹಾಸಿಗೆಯ ಬಳಿಯೂ ನಿಂತು ರೋಗಿಯ ಸ್ಥಿತಿ ಹೇಳದೆ ಯಾರೂ ವಾರ್ಡ್ ಬಿಡುವಂತಿಲ್ಲ. ಅದಕ್ಕೆ ನಾವು ಹ್ಯಾಂಡೋವರ್ ಎನ್ನುತ್ತಿದ್ದೆವು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ತೋರಿಸಿದವಳಲ್ಲ. ನಿವೃತ್ತಿಯಾಗಿ ಮಗಳ ಮನೆಗೆ ಬಂದಮೇಲೂ ಐದೂವರೆಗೆ ಏಳುವುದು, ಎಂಟೂ ಇಪ್ಪತ್ತಕ್ಕೆ ಮೊಮ್ಮಗಳನ್ನು ನಡೆಸಿಕೊಂಡು ಶಾಲೆಗೆ ಹೊರಡುವುದು ತಪ್ಪಲಿಲ್ಲ.

ಮೊಮ್ಮಗಳಿಗೆ ಆಗ ಏಳು ವರ್ಷ. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ ಶಾಲೆಯಲ್ಲಿ ಒಂದಕ್ಷರ ಮಾತಾಡುತ್ತಿರಲಿಲ್ಲ. ಬಚ್ಚಲಿಗೆ ಹೋಗಬೇಕೆಂದೂ ಕೇಳುತ್ತಿರಲಿಲ್ಲ. ಎರಡು ಸಲ ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದಳು. ಇದು ಹಟವಲ್ಲ, ಭಯ, ದಿನವೂ ಅದೇ ಮುಖಗಳನ್ನು ನೋಡುತ್ತಿದ್ದರೆ ತಾನಾಗಿ ಸಡಿಲವಾಗುತ್ತದೆ ಎಂದರು ಡಾಕ್ಟರು. ನಮ್ಮ ಶಾಲೆಯಲ್ಲಿ ಇಲ್ಲದಿದ್ದದ್ದು ಅದೊಂದೇ. ಹೊಸ ಬಡಾವಣೆಯ ಹೊಸ ಶಾಲೆ. ಸರ್ಕಾರದ ಹಣವೂ ಬರುತ್ತಿತ್ತು, ನಾವೂ ಫೀಸು ಕಟ್ಟುತ್ತಿದ್ದೆವು, ಆಡಳಿತ ಅದರದೇ ಬೋರ್ಡಿನ ಕೈಯಲ್ಲಿತ್ತು. ಒಂದೂವರೆ ವರ್ಷದಲ್ಲಿ ಆ ಮಕ್ಕಳಿಗೆ ನಾಲ್ವರು ಟೀಚರುಗಳು ಬಂದು ಹೋದರು. ಬಂದವರೆಲ್ಲ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ನಾಲ್ಕನೆಯವರಂತೂ ಮೊಮ್ಮಗಳ ರಿಪೋರ್ಟಿನಲ್ಲಿ "ತುಂಬ ಗಮನವಿಟ್ಟು ಕೇಳುವ ಮಗು" ಎಂದು ಬರೆದಿದ್ದರು.

ಐದನೆಯವರಾಗಿ ಬಂದವರು ಈಕೆ. ನಲವತ್ತರ ಆಸುಪಾಸು, ಗುಂಗುರು ಕೂದಲು, ಎರಡು ಕೈಯಲ್ಲೂ ಚೀಲ. ಮೊದಲ ದಿನ ಗೇಟಿನ ಬಳಿ ನಾನು ಮೊಮ್ಮಗಳಿಗೆ ಏನೋ ಹೇಳುತ್ತಿದ್ದುದು ಅವರ ಕಿವಿಗೆ ಬಿತ್ತು.

"ಕನ್ನಡದಾವ್ರೇನ್ರೀ? ಅಯ್ಯ, ಚಲೋ ಆತು ಬಿಡ್ರಿ. ನಾ ಕ್ರಾನ್‌ಬರ್ನ್‌ನಿಂದ ಬರಾಕತ್ತೇನ್ರಿ."

"ಕ್ರಾನ್‌ಬರ್ನ್‌ನಿಂದಲಾ? ಅದು ಊರಿನ ಆ ತುದಿಯಲ್ಲವಾ ಟೀಚರ್?" ಎಂದೆ.

"ಆ ತುದೀನ ರೀ. ಏನ್ ಮಾಡೂದು, ಕೆಲಸ ಈ ತುದಿಗೆ ಸಿಕ್ಕೈತಿ."

ಗದಗದ ಕಡೆ ಹನ್ನೊಂದು ವರ್ಷ ಪಾಠ ಮಾಡಿದ್ದವರು ಇಲ್ಲಿ ಮತ್ತೆ ಪರೀಕ್ಷೆ ಬರೆದು ಟೀಚರ್ ಆಗಿದ್ದರು. ಸಿಗುತ್ತಿದ್ದದ್ದು ಕಾಂಟ್ರಾಕ್ಟ್ ಕೆಲಸ. ವರ್ಷಕ್ಕೆ ನಾಲ್ಕು ಟರ್ಮು, ಒಂದೊಂದು ಟರ್ಮಿಗೆ ಒಂದೊಂದು ಶಾಲೆ.

ಎರಡನೆಯ ದಿನವೇ ನಾನು ಅವರಿಗೆ ಹ್ಯಾಂಡೋವರ್ ಕೊಟ್ಟೆ. ಮಗು ಎಷ್ಟು ಹೊತ್ತು ಮಲಗಿತು, ಏನು ತಿಂದಿತು, ಯಾವುದಕ್ಕೆ ಹೆದರುತ್ತದೆ. ಹಿಂದಿನ ಟೀಚರುಗಳಿಗೂ ಹೇಳಲು ಹೋಗಿ, ಅವರು ಗಡಿಯಾರ ನೋಡಿದಾಗ ಸುಮ್ಮನಾಗಿದ್ದೆ. ಈಕೆ ಚೀಲ ಕೆಳಗಿಟ್ಟು ಪೂರ್ತಿ ಕೇಳಿದರು. ಕೇಳಿ, ದಿನವೂ ಹೀಗೇ ಹೇಳುತ್ತೀರಾ ಎಂದರು. ಆಸ್ಪತ್ರೆಯ ಪದ್ಧತಿಯನ್ನು ವಿವರಿಸಿದೆ.

ಒಂದು ವಾರ ಕಳೆದಿತ್ತು. ಅವರು ಮೊಮ್ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಾಳಿಂದ ಅಜ್ಜಿ ರಿಪೋರ್ಟ್ ಬ್ಯಾಡವಾ. ನನಗ ಕ್ಲಾಸಿನ ರಿಪೋರ್ಟ್ ಬೇಕು. ಗಿಡಕ್ಕ ನೀರು ಬಿದ್ದೈತೋ ಇಲ್ಲೋ, ಕತ್ತರಿ ಎಷ್ಟದಾವು, ಕುರ್ಚಿ ನೆಟ್ಟಗದಾವೋ ಇಲ್ಲೋ. ನೀನs ಡ್ಯೂಟಿ ಸಿಸ್ಟರ್" ಎಂದರು. ಬೆಲ್ಲಿಗೆ ಹತ್ತು ನಿಮಿಷ ಮೊದಲು ಇವಳು ಒಳಗೆ ಹೋಗಿ ಎಲ್ಲ ನೋಡಿ ಬರುವುದು, ಟೀಚರ ಕಿವಿಯಲ್ಲಿ ಕನ್ನಡದಲ್ಲೇ ಪಿಸುಗುಟ್ಟುವುದು. ಮೊದಲ ದಿನ ಬೆರಳೆಣಿಸಿ ತೋರಿಸಿದಳು. ನಾಲ್ಕನೆಯ ದಿನ "ಹನ್ನೆರಡು" ಎಂದಳು. ನಾನು ಕಿಟಕಿಯ ಹೊರಗೆ ನಿಂತಿದ್ದೆ, ಅವಳ ತುಟಿ ಅಲ್ಲಾಡಿದ್ದು ಕಂಡಿತು. ಮನೆಗೆ ಬಂದು ಎರಡು ಸಲ ಒಂದೇ ಪಾತ್ರೆ ತೊಳೆದೆ.

ಆರನೆಯ ವಾರಕ್ಕೆ ರಿಪೋರ್ಟು ಇಂಗ್ಲಿಷಿಗೆ ತಿರುಗಿತು, ಪಿಸುಮಾತು ಮಾತಾಯಿತು. ಪಕ್ಕದಲ್ಲಿ ಇನ್ನೊಂದು ಹುಡುಗಿ ನಿಂತಿದ್ದರೂ ಇವಳು ನಿಲ್ಲಿಸುತ್ತಿರಲಿಲ್ಲ. ಕಾಂಟ್ರಾಕ್ಟ್ ಮುಂದುವರಿಸುತ್ತೇವೆ ಎಂದು ಶಾಲೆ ಅವರಿಗೆ ಹೇಳಿತ್ತು, ಮುಂದಿನ ಟರ್ಮಿನಲ್ಲಿ ಇಡೀ ಕ್ಲಾಸಿಗೆ ಕೇಳುವಂತೆ ಹೇಳಿಸೋಣ ಎಂದು ಟೀಚರೂ ನಾನೂ ಮಾತಾಡಿಕೊಂಡಿದ್ದೆವು...

ಅದೇ ಹೊತ್ತಿಗೆ ಪಕ್ಕದ ಕ್ಲಾಸಿನ ಟೀಚರೂ ಕೆಲಸ ಬಿಟ್ಟರು. ಪಾಲಕರು ರೊಚ್ಚಿಗೆದ್ದರು. ಒಂದು ಶನಿವಾರ ಮಧ್ಯಾಹ್ನ ಎಂಟು ಮಂದಿ ನಮ್ಮ ಮನೆಯಲ್ಲಿ ಸೇರಿದರು. ಎದುರುಮನೆಯಾತ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಐಟಿ ಕೆಲಸದಲ್ಲಿದ್ದವನು.

"ಆಂಟಿ, ನಮ್ಮ ಪ್ರಾಜೆಕ್ಟಲ್ಲೂ ಇಷ್ಟು ಜನ ಬಿಟ್ಟು ಹೋಗಲ್ಲ. ಕಾಂಟ್ರಾಕ್ಟ್ ಟೀಚರ್ಸ್ ಬೇಡ, ಪರ್ಮನೆಂಟ್ ಟೀಚರ್ ಕೊಡಿ ಅಂತ ಸ್ಟ್ರಾಂಗಾಗಿ ಬರೀರಿ. ನಾವು ಬರೆದ್ರೆ ಎಲ್ಲ ಕೂಗಾಡಿದ ಹಾಗಿರುತ್ತೆ, ನೀವಾದ್ರೆ ನೀಟಾಗಿ ಬರೀತೀರ" ಎಂದ.

ನಾನು ನೀಟಾಗಿಯೇ ಬರೆದೆ. ಮಗಳು ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಸಹಿಯ ಜಾಗದಲ್ಲಿ ಯಾರ ಹೆಸರೂ ಇಲ್ಲದೆ "ಪಾಲಕರು" ಎಂದಷ್ಟೇ ಹಾಕಿದಳು. ಪತ್ರದ ಕೆಳಗೆ ಒಂದು ಪಟ್ಟಿ: ಟೀಚರ ಹೆಸರು, ಬಂದ ತಾರೀಖು, ಹೋದ ತಾರೀಖು, ಖಾಯಮ್ಮೋ ಕಾಂಟ್ರಾಕ್ಟೋ. ನಾಲ್ಕು ಸಾಲು ಮುಗಿದಾಗ ಮಗಳು ಕೈ ನಿಲ್ಲಿಸಿದಳು.

"ಅಮ್ಮ, ಈಗಿನವರನ್ನೂ ಹಾಕಬೇಕಾ? ಅವರು ಹೋಗಿಲ್ವಲ್ಲ."

"ಕಾಂಟ್ರಾಕ್ಟ್ ತಾನೇ? ಹಾಕು. ಅರ್ಧ ಪಟ್ಟಿ ಕೊಟ್ಟರೆ ಯಾರು ನಂಬುತ್ತಾರೆ?" ಎಂದೆ.

ಆಗ ನನ್ನ ತಲೆಯಲ್ಲಿದ್ದುದನ್ನು ಹೇಳಬೇಕು. ನಮ್ಮ ಆಸ್ಪತ್ರೆಯಲ್ಲಿ ಗುತ್ತಿಗೆ ನರ್ಸುಗಳಿದ್ದರು. ಹುದ್ದೆ ಖಾಯಂ ಮಾಡಿ ಎಂದು ನಾವೆಲ್ಲ ಸಹಿ ಹಾಕಿ ಮನವಿ ಕೊಡುತ್ತಿದ್ದೆವು. ವರ್ಷಗಟ್ಟಲೆ ಹಿಡಿಯುತ್ತಿತ್ತು, ಆದರೆ ಖಾಯಂ ಆದಾಗ ಆ ಜಾಗದಲ್ಲಿ ದುಡಿಯುತ್ತಿದ್ದವರೇ ಖಾಯಂ ಆಗುತ್ತಿದ್ದರು. ಬೇರೆ ರೀತಿ ಆಗಬಹುದೆಂದು ನನಗೆ ತೋಚಲೇ ಇಲ್ಲ. ಈ ಪತ್ರದಿಂದ ನಮ್ಮ ಟೀಚರಿಗೆ ಒಳ್ಳೆಯದಾಗುತ್ತದೆ ಎಂದೇ ನಂಬಿ ಐದನೆಯ ಸಾಲಿನಲ್ಲಿ ಅವರ ಹೆಸರನ್ನು ಹಾಕಿಸಿದೆ.

ಶಾಲೆ ಚುರುಕಾಗಿ ಕೆಲಸ ಮಾಡಿತು. ಎರಡು ವಾರದಲ್ಲಿ ಉತ್ತರ ಬಂತು: ಪಾಲಕರ ಆತಂಕ ಅರ್ಥವಾಗಿದೆ, ಮುಂದಿನ ಟರ್ಮಿನಿಂದ ಈ ಕ್ಲಾಸಿಗೆ ಖಾಯಂ ಟೀಚರ್ ಇರುತ್ತಾರೆ. ಹುದ್ದೆಗೆ ಜಾಹೀರಾತು ಕೊಟ್ಟರು. ನಮ್ಮ ಟೀಚರೂ ಅರ್ಜಿ ಹಾಕಿದರು, ಸಂದರ್ಶನಕ್ಕೂ ಹೋದರು. ಆಯ್ಕೆಯಾದದ್ದು ಬೇರೆಯವರು. ವಾಟ್ಸಾಪ್ ಗುಂಪಿನಲ್ಲಿ ಅಭಿನಂದನೆಗಳ ಸುರಿಮಳೆ. "ಎಲ್ಲ ಆಂಟಿ ಲೆಟರ್ ಪವರ್" ಎಂದು ಎದುರುಮನೆಯಾತ ಬರೆದಿದ್ದ. ನಾನು ಫೋನನ್ನು ಕವುಚಿ ಇಟ್ಟೆ.

ಟರ್ಮಿನ ಕೊನೆಯ ದಿನ ಗೇಟಿನ ಬಳಿ ಅವರೇ ನನ್ನನ್ನು ಹುಡುಕಿಕೊಂಡು ಬಂದರು. ಹಿಂದಿನ ಸಂಜೆಯೇ ಕೂತು ಹೊಸ ಟೀಚರಿಗೆಂದು ಒಂದೊಂದು ಮಗುವಿನ ಬಗ್ಗೆಯೂ ಬರೆದಿಟ್ಟಿದ್ದರಂತೆ, ನಾಲ್ಕು ಹಾಳೆ. ಆಮೇಲೆ ಚೀಲದಿಂದ ಶೇಂಗಾ ಹಿಂಡಿಯ, ಅಂದರೆ ನಮ್ಮ ಕಡಲೆಬೀಜದ ಚಟ್ನಿಪುಡಿಯ, ಬಾಟಲಿ ತೆಗೆದು ನನ್ನ ಕೈಗಿಟ್ಟರು.

"ಇನ್ನ ಈ ಸಾಲಿ ರೂಲು ನನಗಿಲ್ಲಲ್ರಿ, ಅದಕ್ಕ ತಂದೇನಿ" ಎಂದು ನಕ್ಕರು.

ನಾನು ಏನಾದರೂ ಹೇಳುವ ಮೊದಲೇ ಮತ್ತೆ ಅವರೇ, "ಯಾರೋ ಪಾಲಕರು ಪತ್ರಾ ಕೊಟ್ಟಿದ್ರಂತ್ರಿ ಅಮ್ಮಾರ. ಪ್ರಿನ್ಸಿಪಾಲರು ತೋರಿಸಿದ್ರು. ಭಾಳ ಚಂದ ಬರದಾರ, ತಾರೀಖು ಸಮೇತ. ತಪ್ಪೇನಿಲ್ಲ ಬಿಡ್ರಿ, ನಾನೂ ತಾಯಾಗಿದ್ರ ಹಂಗs ಬರೀತಿದ್ದೆ" ಎಂದರು.

ಬರೆದದ್ದು ನಾನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಮೂವತ್ತೊಂದು ವರ್ಷ ಯಾವ ತಪ್ಪನ್ನೂ ಮುಚ್ಚಿಡದೆ ರಿಜಿಸ್ಟರಿಗೆ ಬರೆದವಳು ನಾನು. ಅವತ್ತು ಬಾಯಿ ಬಿಡಲಿಲ್ಲ. "ಹುಷಾರಾಗಿ ಹೋಗಿ ಟೀಚರ್, ದೂರದ ದಾರಿ" ಎಂದೆ. ಅಷ್ಟೇ.

ಹೊಸ ಟೀಚರ್ ಕೆಟ್ಟವರಲ್ಲ. ಮೂರು ವರ್ಷ ಇದ್ದರು. ಆ ನಾಲ್ಕು ಹಾಳೆ ಅವರ ಕೈ ಸೇರಿತೋ ಇಲ್ಲವೋ... ಬೆಲ್ಲಿಗೆ ಮೊದಲು ಮಕ್ಕಳು ಒಳಗೆ ಬರುವಂತಿಲ್ಲ ಎಂದು ನಿಯಮ ಮಾಡಿದರು. ಮೊದಲ ದಿನ ಮೊಮ್ಮಗಳು ಮುಚ್ಚಿದ ಬಾಗಿಲ ಎದುರು ಹತ್ತು ನಿಮಿಷ ನಿಂತು ಕಿಟಕಿಯಿಂದಲೇ ಕತ್ತರಿಗಳನ್ನು ಎಣಿಸಿದಳು. ಹೊಸ ಟೀಚರ್ ಬಂದು ಬೆನ್ನು ತಟ್ಟಿ ಸಾಲಿನಲ್ಲಿ ನಿಲ್ಲಿಸಿದರು. ಮತ್ತೆ ಶಾಲೆಯಲ್ಲಿ ಅವಳ ಧ್ವನಿ ಕೇಳಲು ಒಂದು ವರ್ಷ ಎಂಟು ತಿಂಗಳು ಹಿಡಿಯಿತು. "ಟೀಚರ್ ಯಾಕೆ ಹೋದ್ರು, ನಾನು ಸ್ಲೋ ಅಂತಾನಾ?" ಎಂದು ಮನೆಯಲ್ಲಿ ನನ್ನನ್ನು ಕೇಳಿದ್ದಳು. ಅಲ್ಲ ಪುಟ್ಟಿ, ಅವರಿಗೆ ದೂರವಾಗುತ್ತಿತ್ತು ಎಂದಿದ್ದೆ.

ಅವಳಿನ್ನೂ ಶಾಲೆಯಲ್ಲಿ ಮಾತಾಡದಿದ್ದ ದಿನಗಳಲ್ಲಿ ಒಮ್ಮೆ ಆ ಟೀಚರೇ ಫೋನ್ ಮಾಡಿದ್ದರು. ಸಿಡ್ನಿಯಲ್ಲಿ ತಂಗಿಯ ಮನೆಯಲ್ಲಿದ್ದರು. ಅಲ್ಲಿಯೂ ಟರ್ಮ್ ಲೆಕ್ಕದ ಕೆಲಸವೇ. ಮೊದಲು ಕೇಳಿದ್ದು, "ನಮ್ಮ ಡ್ಯೂಟಿ ಸಿಸ್ಟರ್ ಹೆಂಗದಾಳ್ರಿ?" ಚೆನ್ನಾಗಿ ಮಾತಾಡುತ್ತಾಳೆ ಎಂದು ಸುಳ್ಳು ಹೇಳಿದೆ. ಆ ದನಿಯಲ್ಲಿದ್ದ ಸಂತೋಷಕ್ಕೆ ನಿಜ ಹೇಳಲಾಗಲಿಲ್ಲ. ಪತ್ರದ ವಿಷಯ ಮುಂದಿನ ಸಲ ಹೇಳೋಣ ಎಂದುಕೊಂಡೆ. ಮುಂದಿನ ಸಲ ನಾನೇ ಮಾಡಿದಾಗ ಆ ನಂಬರು ಇರಲಿಲ್ಲ.

ಇದೆಲ್ಲ ಆಗಿ ಏಳು ವರ್ಷ. ಮೊಮ್ಮಗಳಿಗೆ ಈಗ ಹದಿನಾಲ್ಕು. ಇವತ್ತು ಮಧ್ಯಾಹ್ನ ಊಟವಾದಮೇಲೆ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಪಟ್ಟಿ, ಐದನೆಯ ಸಾಲು, ಗೇಟಿನ ಬಳಿ ಸುಮ್ಮನಿದ್ದದ್ದು. ಅವಳು ಕೊನೆಗೆ ಕೇಳಿದ್ದು ಒಂದೇ.

"ಅಜ್ಜಿ, ಡಿಡ್ ಯು ಟೆಲ್ ಹರ್?"

"ಇಲ್ಲ."

ನನ್ನನ್ನೇ ನೋಡಿದಳು. ನನಗೆ ಆ ನೋಟ ಸಲ್ಲಬೇಕಾದದ್ದೇ. ಆಮೇಲೆ ಫೋನ್ ತೆಗೆದಳು. ಇಲ್ಲಿ ಪಾಠ ಮಾಡುವವರೆಲ್ಲರ ಹೆಸರು ಆಯಾ ರಾಜ್ಯ ಸರ್ಕಾರದ ಪಟ್ಟಿಯಲ್ಲಿ ಇರಲೇಬೇಕಂತೆ, ಯಾರು ಬೇಕಾದರೂ ನೋಡಬಹುದಂತೆ. ಮೆಲ್ಬರ್ನ್ ಕಡೆಯದನ್ನು ಹುಡುಕಿದಳು. ಸಿಡ್ನಿಯದನ್ನು ಹುಡುಕಿದಳು. ಅವರ ಹೆಸರಿನ ಸ್ಪೆಲ್ಲಿಂಗ್ ಬದಲಿಸಿ ಮತ್ತೊಮ್ಮೆ ಎರಡನ್ನೂ ನೋಡಿದಳು.

"ಎರಡ್ರಲ್ಲೂ ಇಲ್ಲ ಅಜ್ಜಿ. ಟೀಚಿಂಗೇ ಬಿಟ್ಟಿದ್ದಾರೆ ಅನ್ಸುತ್ತೆ."

ಇದನ್ನು ಅವಳು ಕನ್ನಡದಲ್ಲೇ ಹೇಳಿದಳು, ಮೆಲ್ಲಗೆ. ಎದ್ದು ತನ್ನ ಕೋಣೆಗೆ ಹೋದಳು. ನಾನು ನಾಲ್ಕೂವರೆಗೆ ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಗಳನ್ನು ತೆಗೆದೆ. ಒಳಗೆ ತಂದು, ಅವಳ ಯೂನಿಫಾರ್ಮ್ ಇಸ್ತ್ರಿ ಮಾಡಿ, ಅವಳ ಕೋಣೆಯ ಬಾಗಿಲ ಹಿಡಿಗೆ ತೂಗುಹಾಕಿ ಬಂದೆ.